ಕೊಡ ಹಿಂದಕ್ಕೆ ಹಾಕುವ ಮುನಿಗಂಗಮ್ಮ

ಶ್ರೀನಿವಾಸಪುರದ ಕುಂಟೆ ಬೀದಿಗೆ ನಾನು ಮೊದಲ ಸಲ ಕಾಲಿಟ್ಟ ಬೆಳಿಗ್ಗೆ, ಅಲ್ಲಿನ ಜನ ನನಗೆ ಪೂರ್ಣಕುಂಭ ಸ್ವಾಗತ ಏರ್ಪಡಿಸಿದ್ದಾರೆ ಎಂದು ತಿಳಿದುಕೊಂಡಿದ್ದೆ. ಪಟ್ಟಣಕ್ಕೆ ಕುಡಿಯುವ ನೀರಿನ ದೊಡ್ಡ ಅನುದಾನ ಬಂದಿತ್ತು. ಮನೆಮನೆಗೂ ನಲ್ಲಿ ಕೊಡುವ ಆ ಯೋಜನೆಯನ್ನು ಜನರಿಗೆ ತಿಳಿಹೇಳುವ ಗುತ್ತಿಗೆ ಕೆಲಸಕ್ಕೆ ನನ್ನನ್ನು ತೆಗೆದುಕೊಂಡು ಒಂದು ವಾರವಾಗಿತ್ತು. ಕೋಲಾರದ ತರಬೇತಿಯಲ್ಲಿ ‘ಜನ ನಿಮ್ಮ ದಾರಿ ಕಾಯುತ್ತಿದ್ದಾರೆ’ ಎಂದಿದ್ದರು. ಇಲ್ಲಿ ನೋಡಿದರೆ, ಬೀದಿಯ ನೀರಿನ ತೊಂಬೆ, ಅಂದರೆ ನಲ್ಲಿ ಕೂರಿಸಿದ ಸಿಮೆಂಟಿನ ಸಣ್ಣ ಟ್ಯಾಂಕಿನಿಂದ ಹಿಡಿದು ತಿರುವಿನ ತನಕ ಕೊಡಗಳು ಸಾಲಾಗಿ ಕೂತಿವೆ. ಹಸಿರು, ನೀಲಿ, ಕೆಂಪು ಪ್ಲಾಸ್ಟಿಕ್ಕಿನವು, ನಡುನಡುವೆ ಒಂದೆರಡು ಸ್ಟೀಲಿನವು. ಅವನ್ನು ಹಿಡಿದು ನಿಲ್ಲಬೇಕಾದ ಹೆಂಗಸರು ಮಾತ್ರ ಕಾಣಲಿಲ್ಲ. ಒಳ್ಳೆ ಸೀರೆ ಉಟ್ಟುಕೊಂಡು ಬರಲು ಹೋಗಿರಬೇಕು ಅಂದುಕೊಂಡೆ.

ಅಷ್ಟರಲ್ಲಿ ಒಂದು ಫೋಟೋ ತೆಗೆದು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕೋಣ ಅನ್ನಿಸಿತು. ಬಣ್ಣಗಳೆಲ್ಲ ಕಲಸಿಕೊಂಡು ಚಿತ್ರ ಚೆನ್ನಾಗಿ ಬರಲಿಲ್ಲ. ಹಸಿರನ್ನೆಲ್ಲ ಒಂದು ಕಡೆ ತಂದೆ, ನೀಲಿಯನ್ನೆಲ್ಲ ಅದರ ಪಕ್ಕ, ಕೆಂಪನ್ನು ಆಮೇಲೆ. ಸ್ಟೀಲಿನವು ಹೊಳೆಯುತ್ತವೆಂದು ಎಲ್ಲಕ್ಕಿಂತ ಮುಂದೆ ಇಟ್ಟೆ. ಎತ್ತಿದಾಗ ಅವು ಹಗುರವಾಗಿದ್ದವು. ತುಂಬಿದ ಕುಂಭ ಇಷ್ಟು ಹಗುರ ಹೇಗೆ ಎಂಬ ಪ್ರಶ್ನೆ ಪದವೀಧರನ ತಲೆಗೆ ಹೊಳೆಯಲಿಲ್ಲ. ‘ಭವ್ಯ ಸ್ವಾಗತ’ ಎಂದು ಬರೆದು ಚಿತ್ರ ಕಳಿಸಿಯೂಬಿಟ್ಟೆ.

“ಎವಡ್ರಾ ವೀಡು?”

ಯಾವನೋ ಇವನು ಎಂದು ತೆಲುಗಿನಲ್ಲಿ ಬೀದಿಗೆಲ್ಲ ಕೇಳುವಂತೆ ಕೂಗಿದವಳು ಅರವತ್ತರ ಆಸುಪಾಸಿನ ಒಣಕಲು ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಲ್ಲುಜ್ಜುತ್ತಿದ್ದ ಬೇವಿನಕಡ್ಡಿಯನ್ನು ನನ್ನ ಮೂಗಿಗೆ ಗುರಿಯಿಟ್ಟು ಬರುತ್ತಿದ್ದಳು. ಅವಳೇ ಮುನಿಗಂಗಮ್ಮ.

“ಸಾಲು ಯಾಕ್ಲಾ ಕೆಡಿಸ್ದೆ?”

“ಅಮ್ಮಾ, ಫೋಟೋಗೆ...”

“ಯಾವನ ತಿಥಿಗ್ಲಾ ಫೋಟೋ?”

ಆಮೇಲೆ ಗೊತ್ತಾಯಿತು. ಆ ಬೀದಿಯಲ್ಲಿ ಕೊಡ ಇಟ್ಟರೆ ಆಳು ನಿಂತ ಹಾಗೆ. ಬೆಳಕು ಹರಿಯುವ ಮೊದಲೇ ಮನೆಗೊಂದು ಖಾಲಿ ಕೊಡ ಸಾಲಿನಲ್ಲಿಟ್ಟು, ಹೆಂಗಸರು ಒಳಗೆ ಹೋಗಿ ಮುದ್ದೆಗೆ ಎಸರಿಟ್ಟುಕೊಳ್ಳುತ್ತಾರೆ. ಮೋಟಾರು ಹಾಕಿದ ಸದ್ದು ಕೇಳಿದ ಮೇಲೆ ಬರುತ್ತಾರೆ. ಅಲ್ಲಿಯ ತನಕ ಅವರ ಬದಲು ಕೊಡವೇ ನಿಂತಿರುತ್ತದೆ. ನಾನು ಎತ್ತಿ ಆಚೀಚೆ ಇಟ್ಟದ್ದು ಬರೀ ಪ್ಲಾಸ್ಟಿಕ್ಕನ್ನಲ್ಲ, ಇಡೀ ಬೀದಿಯ ಹೆಂಗಸರನ್ನು. ಅದೂ ಬಣ್ಣದ ಪ್ರಕಾರ.

ಗಲಾಟೆಗೆ ಎಲ್ಲರೂ ಹೊರಗೆ ಬಂದರು. ಎಲ್ಲರ ಕೊಡವೂ ಮುಂದೆಯೇ ಇತ್ತಂತೆ. ಹಿಂದೆ ಇದ್ದವರು ಒಬ್ಬರೂ ಇರಲಿಲ್ಲ. ತೊಂಬೆಯ ಎದುರು ಮನೆಯ ಕೌಸರ್, ರವಿಕೆ ಹೊಲಿಯುವವಳು, ತನ್ನ ಸ್ಟೀಲ್ ಕೊಡ ಎಲ್ಲಕ್ಕಿಂತ ಮುಂದಿರುವುದನ್ನು ನೋಡಿ ನನಗೆ ಸಲಾಮು ಹೊಡೆದಳು.

“ಒಳ್ಳೆ ಹುಡುಗ ಕಣ್ರೀ ಇವ್ನು. ನಮ್ಮನೇದು ಯಾವತ್ತಾದ್ರೂ ಮುಂದೆ ಇದ್ದಿದ್ದು ನೋಡಿದ್ರಾ?”

ಮುನಿಗಂಗಮ್ಮ ಆ ಕೊಡ ಎತ್ತಿಕೊಂಡು ಹೋಗಿ ಸಾಲಿನ ಕೊನೆಗೆ ಕುಕ್ಕಿದಳು. “ಹಲ್ಲು ಬಿಟ್ರೆ ನಾಳೇನೂ ಕೊನೇಗೇ ಇಕ್ತೀನಿ.”

“ಇಕ್ಕಮ್ಮ, ಇಕ್ಕು. ನಿನ್ನ ಮನೆ ಬಾವಿ ನೋಡು ಇದು!”

“ನಾಡಿದ್ದೂ ಕೊನೇಗೆ.”

ಕಚೇರಿಯ ಗುಂಪಿನಲ್ಲಿ ಅಷ್ಟು ಹೊತ್ತಿಗೆ ನನ್ನ ಫೋಟೋಗೆ ಏಳೆಂಟು ಹೆಬ್ಬೆರಳು ಬಂದಿದ್ದವು.

ಮುನಿಗಂಗಮ್ಮ ರಾಯಲ್ಪಾಡಿನ ಕಡೆಯವಳು. ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದು ಮಾವಿನ ಮಂಡಿಯಲ್ಲಿ ಹಣ್ಣು ಆರಿಸುವ ಕೂಲಿಗೆ ಸೇರಿದಳು. ಒಳ್ಳೆಯದು ಒಂದು ಕಡೆ, ಪೆಟ್ಟು ಬಿದ್ದದ್ದು ಒಂದು ಕಡೆ, ಕೊಳೆತದ್ದು ತಿಪ್ಪೆಗೆ. ಇಷ್ಟು ವರ್ಷ ಅದನ್ನೇ ಮಾಡಿ ಮನುಷ್ಯರನ್ನೂ ಹಾಗೇ ಆರಿಸುವ ಚಟ ಬಿತ್ತೆಂದು ನನ್ನ ಅನುಮಾನ. ನಾನು ಯಾವ ಕಡೆ ಬಿದ್ದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗಂಡ ಮುನಿಕೃಷ್ಣಪ್ಪ ಅದೇ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಮಾತು ಕಮ್ಮಿ. ಬೀದಿಯವರ ಪ್ರಕಾರ ಅವನಿಗೆ ಬದುಕಿರುವ ತನಕ ಮಾತಾಡುವ ಸರದಿಯೇ ಸಿಗಲಿಲ್ಲ.

ಬೀದಿಗೆ ಬೋರ್‌ವೆಲ್ ಕೊರೆಸಿದಾಗ ತೊಂಬೆಯನ್ನು ಯಾರ ಮನೆ ಮುಂದೆ ಕಟ್ಟುವುದೆಂದು ಜಗಳ ಬಿತ್ತಂತೆ. ನೀರು ಎಲ್ಲರಿಗೂ ಬೇಕು, ಕೆಸರು, ಸೊಳ್ಳೆ, ಕಿರಿಕಿರಿ ಯಾರಿಗೂ ಬೇಡ. ಆಗ ಈಯಮ್ಮ ಬಾಗಿಲಿಗೆ ಬಂದು, “ನಮ್ಮನೆ ಮುಂದೆ ಕಟ್ರಿ” ಅಂದಳು. ಎಲ್ಲರೂ ಪುಣ್ಯಾತ್ಗಿತ್ತಿ ಅಂದರು. ಹಾಗೆ ಅಂದದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪ ಪಡುತ್ತಿದ್ದಾರೆ. ತೊಂಬೆ ಕಟ್ಟಿದ ಮಾರನೆಯ ದಿನದಿಂದಲೇ ಸಾಲು ಅವಳದ್ದಾಯಿತು. ಯಾರ ಕೊಡಕ್ಕೆ ಯಾರ ಕೊಡ ತಾಗಿತು ಎಂದು ಜಾತಿ ಎತ್ತಿ ಮೂಗು ಮುರಿದವರ ಕೊಡ ಕೊನೆಗೆ. ತಿರುಗಿ ಮಾತಾಡಿದವರದು ಕೊನೆಗೆ. ಹಬ್ಬಕ್ಕೆ ಕರೆಯದವರದೂ ಕೊನೆಗೆ. ನ್ಯಾಯ ಎಷ್ಟು, ಸೇಡು ಎಷ್ಟು ಎಂದು ಬೇರ್ಪಡಿಸಲು ನನ್ನಿಂದಾಗಲಿಲ್ಲ. ಅವಳಂತೂ ಆ ಗೋಜಿಗೇ ಹೋದವಳಲ್ಲ. ಕೌಸರಳ ಅತ್ತೆ ಬದ್ರುನ್ನೀಸಾ ಜ್ವರ ಬಂದು ಮಲಗಿದ್ದಾಗಲೂ ಆ ಮನೆಯ ಕೊಡ ಕೊನೆಯಲ್ಲೇ ಇತ್ತು. ಕೌಸರ್ ಹೋಗಿ ಬೇಡಿಕೊಳ್ಳಲಿಲ್ಲ, ಮುನಿಗಂಗಮ್ಮ ಹೋಗಿ ವಿಚಾರಿಸಲಿಲ್ಲ.

ಬೀದಿಯ ಕೊನೆ ಮನೆಯ ನರಸಿಂಹಪ್ಪ ಕುಡಿದು ಬಂದು ಹೆಂಡತಿ ರಾಮಲಕ್ಷ್ಮಮ್ಮನ ಮೇಲೆ ಕೈ ಮಾಡಿದರೆ, ಮಾರನೆಯ ಬೆಳಿಗ್ಗೆ ಅವನ ಮನೆಯ ಕೊಡ ಸಾಲಿನಿಂದಲೇ ಆಚೆ. ಹೆಂಡತಿ ಬಂದರೆ ಅವಳಿಗೆ ನೀರು ಕೊಡುತ್ತಿರಲಿಲ್ಲ. “ಅವನೇ ಬರ್ಲಿ” ಅನ್ನುತ್ತಿದ್ದಳು. ಅವನೇ ಬಂದು, ಎಲ್ಲ ಹೆಂಗಸರ ಹಿಂದೆ, ಬಿಸಿಲೇರುವ ತನಕ ಕೊಡ ಹಿಡಿದು ನಿಲ್ಲಬೇಕಿತ್ತು. ಹೆಂಗಸರು ಅವನ ಮೀಸೆಯ ಬಗ್ಗೆ ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಆಮೇಲೆ ಒಂದಷ್ಟು ದಿನ ಆ ಮನೆಯಲ್ಲಿ ಸದ್ದು ಇರುತ್ತಿರಲಿಲ್ಲ.

ಇಂಥ ಬೀದಿಗೆ ಅನುದಾನ ತಂದವನು ನಾನು. ನನ್ನ ಊರು ಮಾಲೂರು. ಬೆಳಿಗ್ಗೆ ಊರೆಲ್ಲ ರೈಲು ಹತ್ತಿ ಬೆಂಗಳೂರಿಗೆ ಹೋಗುವಾಗ, ನಾನೊಬ್ಬ ಬಸ್ ಹತ್ತಿ ಕೋಲಾರದ ಮೇಲೆ ಶ್ರೀನಿವಾಸಪುರಕ್ಕೆ, ಎಲ್ಲರಿಗೂ ಬೆನ್ನು ತಿರುಗಿಸಿ ಹೋಗುತ್ತಿದ್ದೆ. ನನ್ನ ಹುದ್ದೆಯ ಹೆಸರು ‘ಸಮುದಾಯ ಸಂಚಾಲಕ’. ಎಂಜಿನಿಯರಿಗೆ ಸಲ್ಲಬೇಕಾದ ಬೈಗುಳವನ್ನು ಮುಂಚಿತವಾಗಿ ಹೋಗಿ ಸ್ವೀಕರಿಸುವುದೇ ಕೆಲಸ. ನನಗೆ ಒಪ್ಪಿಸಿದ ಮುಖ್ಯ ಜವಾಬ್ದಾರಿ ಒಂದೇ: ಮನೆಗಳಿಗೆ ನಲ್ಲಿ ಬಂದ ಮೇಲೆ ಬೀದಿಯ ತೊಂಬೆ ತೆಗೆಸಬೇಕು. ಅದು ಅನುದಾನದ ಷರತ್ತು. ತೊಂಬೆ ಹೋಗದೆ ಗುತ್ತಿಗೆದಾರನಿಗೆ ಕೊನೆಯ ಕಂತು ಬರುವುದಿಲ್ಲ, ಕಂತು ಬರದೆ ನನ್ನ ಕೆಲಸ ಮುಂದುವರಿಯುವುದಿಲ್ಲ.

“ಒಡೀತೀರಾ?” ಎಂದಳು ಮುನಿಗಂಗಮ್ಮ, ನಾನು ಮೊದಲ ಸಲ ಬಾಯಿ ಬಿಟ್ಟಾಗ. ತೊಂಬೆಯ ಕಟ್ಟೆಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದಳು.

“ಒಡೆಯೋದು ಅಂತಲ್ಲಮ್ಮ. ತೆರವು.”

“ಪೋರಾ. ಅಲ್ನೋಡು.”

ಅವಳು ತೋರಿಸಿದ್ದು ತನ್ನ ಬಚ್ಚಲಮನೆಯ ಬಾಗಿಲನ್ನು. ಅದೊಂದು ತಗಡಿನ ಬೋರ್ಡು. ಅದರ ಮೇಲೆ ಹಳೆಯ ನೀರಿನ ಯೋಜನೆಯ ಹೆಸರು, ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಮಂಜೂರಾದ ಮೊತ್ತ. ಆಮೇಲೆ ಬಂದ ಯೋಜನೆಯ ಬೋರ್ಡು ಕೋಳಿಗೂಡಿನ ಚಾವಣಿಯಾಗಿತ್ತು. ಮೂರನೆಯದು ಸ್ವಲ್ಪ ಹೊಸದು, ರಾಗಿ ಒಣಗಿಸಲು ಚೆನ್ನಾಗಿದೆಯಂತೆ. ಮೂರೂ ಯೋಜನೆಗಳಲ್ಲಿ ಬೀದಿ ಅಗೆದು ಪೈಪು ಹೂತಿದ್ದರು. ನೀರು ಬಂದಿರಲಿಲ್ಲ. ಅನುದಾನದಿಂದ ಆ ಬೀದಿಯ ಒಂದು ಮನೆಗಾದರೂ ನೇರ ಪ್ರಯೋಜನ ಆಗಿತ್ತು ಎಂದು ನನ್ನ ವರದಿಯಲ್ಲಿ ಬರೆಯಬಹುದಿತ್ತು.

“ನಿಮ್ದೂ ತಂದು ನಿಲ್ಸು,” ಎಂದಳು. “ಆಡಿನ ಕೊಟ್ಟಿಗೆಗೆ ಒಂದು ಕಡೆ ಗೋಡೆ ಇಲ್ಲ.”

ಎದುರು ಮನೆಯಲ್ಲಿ ಹೊಲಿಗೆ ಮಿಷಿನ್ನು ನಿಂತಿತು. ಕೌಸರ್ ಬಾಗಿಲಿಗೆ ಬಂದು ನನ್ನನ್ನು ಕರೆದಳು, ಮುನಿಗಂಗಮ್ಮನಿಗೆ ಕೇಳಿಸಲಿ ಎಂದೇ ಗಟ್ಟಿಯಾಗಿ. “ಅಣ್ಣಾ, ನಮ್ಮನೆಗೆ ಮೊದ್ಲು ಬರ್ಕೋ. ನಂಗೆ ನಲ್ಲಿ ಬೇಕು. ನೀರು ಬರ್ಲಿ, ಗಾಳಿ ಬರ್ಲಿ, ಬೆಳಿಗ್ಗೆ ಎದ್ದು ಈ ಮುಖ ನೋಡೋದು ತಪ್ಪಿದ್ರೆ ಸಾಕು.”

“ನಿನ್ ಮುಖ ನಾನೂ ನೋಡ್ತಾ ಇಲ್ವೇನೇ? ಒಂದಿನಾನಾದ್ರೂ ಬೇಜಾರು ಅಂದ್ನಾ?”

ಗುದ್ದಲಿ ಪೂಜೆಯ ದಿನ ನನ್ನ ಪಾಲಿನ ನಿಜವಾದ ಪೂಜೆ ನಡೆಯಿತು. ಹಿಂದಿನ ಮೂರು ಅನುದಾನಗಳ ಗುದ್ದಲಿ ಪೂಜೆಯೂ ಆ ತೊಂಬೆಯ ಪಕ್ಕದಲ್ಲೇ ಆಗಿತ್ತು. ಮೂರು ಸಲವೂ ಶಾಮಿಯಾನ, ಹಾರ, ಮೈಕು, ಪುರೋಹಿತರು ಎಲ್ಲ ತಂದು ಗುದ್ದಲಿ ಮಾತ್ರ ಮರೆತು, ಮುನಿಗಂಗಮ್ಮನ ಮನೆಯಿಂದಲೇ ಈಸಿಕೊಂಡಿದ್ದರು. ಹಾಗಾಗಿ ನಾಲ್ಕನೆಯ ಸಲ ಯಾರೂ ತರುವ ಯೋಚನೆಯನ್ನೇ ಮಾಡಲಿಲ್ಲ. ನಾನಂತೂ ಲಾಡು ಸರಿಯಾಗಿ ಬಂದಿದೆಯೇ ಎಂದು ನೋಡುವುದರಲ್ಲಿ ಮುಳುಗಿದ್ದೆ.

ವಾರ್ಡಿನ ಮಾಜಿ ಸದಸ್ಯ ಕೋದಂಡರಾಮಪ್ಪ ಬಿಳಿ ಅಂಗಿಯ ತೋಳು ಸರಿಮಾಡಿಕೊಳ್ಳುತ್ತಾ ತೊಂಬೆಯ ಹತ್ತಿರ ಹೋದ. ಮುನಿಗಂಗಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಗುದ್ದಲಿ ತೊಡೆಯ ಮೇಲೆ ಅಡ್ಡಲಾಗಿತ್ತು.

“ಅಕ್ಕಾ, ಗುದ್ದಲಿ ತಾರಕ್ಕ.”

“ಇಲ್ಲ.”

“ತೊಡೆ ಮ್ಯಾಲೇ ಐತಲ್ಲಕ್ಕ!”

“ಐತೆ. ಕೊಡಲ್ಲ.”

“ದೊಡ್ಡೋರು ಬಂದು ಕೂತವ್ರೆ. ಮರ್ಯಾದೆ ಪ್ರಶ್ನೆ ಕಣಕ್ಕ.”

“ಅವ್ರ ಮರ್ಯಾದೆಗೆ ಗುದ್ದಲಿ ಅವ್ರೇ ತರ್ಲಿ. ಮೂರು ಸಲ ಕೊಟ್ಟೆ. ಮೂರು ಸಲಾನೂ ಅರಿಶಿಣ ಕುಂಕುಮ ಮೆತ್ತಿ ವಾಪಸ್ ಕೊಟ್ರಿ. ಒಂದ್ಸಲಾನಾದ್ರೂ ಮಣ್ಣು ಮೆತ್ತಿತ್ತೇನಪ್ಪ?”

ಶಾಮಿಯಾನದ ಕೆಳಗಿದ್ದವರು ನಕ್ಕರು. ಕೋದಂಡರಾಮಪ್ಪ ನಗಲಿಲ್ಲ, ನನ್ನ ಕಡೆ ತಿರುಗಿದ. “ಲೇ ಚಂದ್ರು, ನಿಂತ್ಕೊಂಡು ಏನ್ಲಾ ನೋಡ್ತಿದ್ದೀಯ? ಊರಲ್ಲಿ ಇನ್ನೊಂದು ಗುದ್ದಲಿ ಇಲ್ವಾ? ಓಡು!”

ಓಡಿದೆ. ಬೀದಿಯಲ್ಲಿ ಅಗೆಯುವ ಕೆಲಸವೆಲ್ಲ ಜೇಸಿಬಿಗೆ ಹೋಗಿ ಯಾವ ಕಾಲವಾಗಿತ್ತೋ. ಒಬ್ಬರು ಸನಿಕೆ ಕೊಡುತ್ತೇನೆಂದರು, ಅದಕ್ಕೆ ಹಿಡಿಯಿರಲಿಲ್ಲ. ಇದ್ದವರೂ ಮುನಿಗಂಗಮ್ಮನ ಕಡೆ ನೋಡಿ ಇಲ್ಲವೆಂದರು, ಅಂದರೆ ನಾಳೆಯ ಕೊಡದ ಕಡೆ ನೋಡಿ. ಕೊನೆಗೆ ಕೌಸರ್ ಧೈರ್ಯ ಮಾಡಿ ಸೌದೆ ಸೀಳುವ ಕೊಡಲಿ ತಂದುಕೊಟ್ಟಳು. ನಾನು ಅದನ್ನೇ ಹಿಡಿದು ಏದುಸಿರು ಬಿಡುತ್ತಾ ವೇದಿಕೆಗೆ ನುಗ್ಗಿದೆ. ಹಾರ ಹಾಕಿಕೊಂಡು ಕೂತಿದ್ದ ಅತಿಥಿಗಳು ಎದ್ದು ಎರಡು ಹೆಜ್ಜೆ ಹಿಂದೆ ಸರಿದರು. ಪೊಲೀಸಿನವನೊಬ್ಬ ನನ್ನ ರಟ್ಟೆ ಹಿಡಿದ.

“ಕೊಡಲಿ ಹಿಡ್ಕೊಂಡ್ ಫೋಟೋ ಬಂದ್ರೆ ನಮ್ಮ ಗತಿ ಏನಪ್ಪ!” ಎಂದು ಅತಿಥಿಗಳು ಕೋದಂಡರಾಮಪ್ಪನನ್ನು ಗದರಿದರು. ಪುರೋಹಿತರು ಜೇಸಿಬಿಯ ಬಕೆಟ್ಟಿಗೇ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಮುನಿಗಂಗಮ್ಮ ಗುದ್ದಲಿ ಹೆಗಲಿಗೇರಿಸಿ ವೇದಿಕೆಯ ಮುಂದೆಯೇ ಬಂದು ನಿಂತಳು. ಮೊಬೈಲುಗಳೆಲ್ಲ ಅವಳ ಕಡೆ ತಿರುಗಿದವು.

“ಸ್ವಾಮಿ, ಮೊದ್ಲು ನಲ್ಲೀಲಿ ನೀರು ಬರ್ಲಿ. ಒಂದು ತಿಂಗಳು ತಪ್ಪದಂಗೆ ಬರ್ಲಿ. ಆಮೇಲೆ ತೊಂಬೆ ಒಡೀರಿ. ಅದಕ್ಕೆ ಮುಂಚೆ ಯಾವನಾದ್ರೂ ಮುಟ್ಟಿದ್ರೆ, ಈ ಗುದ್ದಲಿಗೆ ಮಣ್ಣು ಮೆತ್ತದೇ ಇರ್ಬೋದು, ಬೇರೆ ಏನಾದ್ರೂ ಮೆತ್ತುತ್ತೆ.”

ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮಕ್ಕೆ ಹೊತ್ತಾಗಿತ್ತು. “ಆಯ್ತು ಬಿಡಮ್ಮ, ಹಂಗೇ ಮಾಡಿಸೋಣ” ಅಂದುಬಿಟ್ಟರು. ಮೊಬೈಲಿನಲ್ಲಿ ದಾಖಲಾದ್ದರಿಂದ ಆ ಮಾತು ಆದೇಶವಾಯಿತು. ಮಾರನೆಯ ದಿನ ಸ್ಥಳೀಯ ಪತ್ರಿಕೆಯೊಂದು ‘ನೀರಿಗಾಗಿ ಗುದ್ದಲಿ ಹಿಡಿದ ವೀರಜ್ಜಿ’ ಎಂದು ಬರೆಯಿತು. ನಮ್ಮ ಎಂಜಿನಿಯರ್ ವೆಂಕಟ್ ಸಾರ್ ಆ ಪತ್ರಿಕೆಯನ್ನು ನನ್ನ ಮುಂದೆ ಹಿಡಿದು, “ಇವಳನ್ನ ಒಪ್ಪಿಸೋಕೆ ತಾನೇ ನಿಂಗೆ ಸಂಬಳ ಕೊಡೋದು? ಅವಳೇ ನಮ್ಮನ್ನ ಒಪ್ಪಿಸಿದ್ಲಲ್ಲೋ!” ಅಂದರು. ಕೌಸರ್ ಪತ್ರಿಕೆಯ ಆ ಹಾಳೆಯನ್ನು ಹೊಲಿಗೆಯ ಅಳತೆ ಕತ್ತರಿಸಲು ಇಟ್ಟುಕೊಂಡಳು. ವೀರಜ್ಜಿಯ ತಲೆ ಯಾರದೋ ರವಿಕೆಯ ಕಂಕುಳಿಗೆ ಬಂತಂತೆ.

ನನ್ನ ಮಟ್ಟಿಗೆ ನಾನೂ ವೀರಜ್ಜಿಯನ್ನು ನಂಬಿದೆ. ಮೂರು ಸಲ ಮೋಸ ಹೋದ ಜನರ ಪರವಾಗಿ ಒಬ್ಬಳು ಎದ್ದು ನಿಂತಳು ಎಂದು ವರದಿಯಲ್ಲಿ ಒಂದು ಪುಟ ತುಂಬಾ ಬರೆದೆ. ವೆಂಕಟ್ ಸಾರ್ ಅದನ್ನು ಹೊಡೆದುಹಾಕಿದರು.

ವಿಚಿತ್ರವೆಂದರೆ, ಆ ಹಠದಿಂದಲೇ ನೀರು ಬಂತು. ಒಂದು ತಿಂಗಳು ತಪ್ಪದೆ ಹರಿಯದಿದ್ದರೆ ತೊಂಬೆ ಹೋಗುವುದಿಲ್ಲ, ತೊಂಬೆ ಹೋಗದಿದ್ದರೆ ಕಂತಿಲ್ಲ. ಗುತ್ತಿಗೆದಾರ ತಾನೇ ಬಂದು ವಾಲ್ವ್ ಪರೀಕ್ಷಿಸಿದ, ಒಡೆದ ಕಡೆ ಕೇಳುವ ಮೊದಲೇ ಬೆಸೆದ. ಮನೆಮನೆಯ ನಲ್ಲಿಯಲ್ಲಿ ನೀರು ಬಿತ್ತು. ಮೊದಲ ದಿನ ಕೆಂಪಗೆ, ಎರಡನೆಯ ದಿನ ಬೆಳ್ಳಗೆ, ಆಮೇಲೆ ನೀರಿನ ಹಾಗೇ. ಕೌಸರ್ ನಲ್ಲಿಗೆ ಮಲ್ಲಿಗೆ ಮುಡಿಸಿದ್ದಳು. “ಅಮ್ಮಾಜೀ, ನಮ್ಮನೆ ಕೊಡ ಇವತ್ತು ಫಸ್ಟು!” ಎಂದು ಬಾಗಿಲಲ್ಲಿ ನಿಂತು ಕೂಗಿದಳು. ಮುನಿಗಂಗಮ್ಮ ಹುರುಳಿಯ ಕಲ್ಲೊಂದನ್ನು ಆರಿಸಿ ಅತ್ತ ಎಸೆದಳು, ತಾಗದಷ್ಟು ದೂರಕ್ಕೆ.

ಕೊಡದ ಸಾಲು ದಿನದಿಂದ ದಿನಕ್ಕೆ ಮೊಟಕಾಯಿತು. ಮೊದಲು ತಿರುವಿನಿಂದ ಹಿಂದೆ ಸರಿಯಿತು. ಆಮೇಲೆ ಕೆಲವರು ಮುನಿಗಂಗಮ್ಮನ ಭಯಕ್ಕೆ ಒಂದು ಕೊಡ ಇಟ್ಟು, ತುಂಬಿಸಿಕೊಳ್ಳಲು ಬರುತ್ತಲೇ ಇರಲಿಲ್ಲ. ಕೊನೆಗೆ ಆ ಭಯವೂ ಹೋಯಿತು. ತೊಂಬೆಯ ಮುಂದೆ ಅವಳದೊಂದೇ ಕೊಡ, ಅದೂ ಸಾಲಿನ ಮೊದಲನೆಯದಾಗಿ. ಅವಳ ಮನೆಗೂ ನಲ್ಲಿ ಹಾಕಿದ್ದೆವು. ಅದನ್ನು ತಿರುಗಿಸಿ ನೋಡಿದ್ದಳೋ ಇಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ.

ಆ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ನಾನು ಮೀಟರು ನೋಡಲು ಹೋಗಿದ್ದೆ. ನರಸಿಂಹಪ್ಪನ ಮನೆಯಿಂದ ಪಾತ್ರೆ ಬಿದ್ದ ಸದ್ದು, ಹಿಂದೆಯೇ ರಾಮಲಕ್ಷ್ಮಮ್ಮನ ಕೂಗು. ಮುನಿಗಂಗಮ್ಮ ಕಟ್ಟೆಯಿಂದ ಎದ್ದು ಸೆರಗು ಸಿಕ್ಕಿಸಿದಳು. ಅಭ್ಯಾಸಬಲದಿಂದ ತೊಂಬೆಯ ಮುಂದೆ ಬಗ್ಗಿ ಕೈ ಚಾಚಿದಳು. ಅಲ್ಲಿ ತಳ್ಳಲು ಅವನ ಕೊಡ ಇರಲಿಲ್ಲ. ಒಂದು ಗಳಿಗೆ ಹಾಗೇ ಬಗ್ಗಿ ನಿಂತಿದ್ದು, ಆಮೇಲೆ ಅವನ ಬಾಗಿಲಿಗೆ ನಡೆದಳು.

“ಲೇ ನರಸಿಂಹ, ಆಚೆ ಬಾರ್ಲಾ!”

ಅವನು ಬಂದ. ಮೀಸೆ ತಿರುವಲಿಲ್ಲ, ಕೂಗಾಡಲಿಲ್ಲ, ಆರಾಮಾಗಿ ಬಾಗಿಲಿಗೆ ಒರಗಿಕೊಂಡ.

“ಏನಜ್ಜಿ? ಕೊಡ ಹಿಂದಕ್ಕೆ ಹಾಕ್ತೀಯಾ? ಹಾಕು, ಹುಡ್ಕೊಂಡು ಹಾಕು. ನಮ್ಮನೆ ನಲ್ಲಿ ನಮ್ಮನೇಲೈತೆ. ನಿನ್ ತೊಂಬೆ ನೀನೇ ಕಾಯ್ಕೋ ಹೋಗು.”

ಬಾಗಿಲು ಹಾಕಿಕೊಂಡ. ಹೆಂಗಸರು ಅವರವರ ಬಾಗಿಲಿಗೆ ಬಂದು ನಿಂತಿದ್ದರು. ಯಾರೂ ಅವನ ಮೀಸೆಯ ಬಗ್ಗೆ ಏನೂ ಹೇಳಲಿಲ್ಲ. ಸಾಲಿನಲ್ಲಿ ನಿಂತಾಗ ಬರುತ್ತಿದ್ದ ಮಾತು ಅವರವರ ಬಾಗಿಲಲ್ಲಿ ಬರಲಿಲ್ಲವೇನೋ. ಕೌಸರ್ ಒಬ್ಬಳು ಮಿಷಿನ್ನಿನಿಂದ ಎದ್ದು ಬಂದು, “ಥೂ” ಎಂದು ಬೀದಿಗೆ ಉಗಿದಳು. ಅದು ನರಸಿಂಹಪ್ಪನಿಗೋ ಮುನಿಗಂಗಮ್ಮನಿಗೋ ನನಗೋ ಗೊತ್ತಾಗಲಿಲ್ಲ. ನಾನು ಮೀಟರಿನ ಗಾಜು ಒರೆಸುತ್ತಾ ನಿಂತಿದ್ದೆ, ಅದು ಮೊದಲೇ ಶುಭ್ರವಾಗಿತ್ತು.

ತಿಂಗಳು ತುಂಬಿದ ಮೇಲೆ ಆಳುಗಳನ್ನು ಕರೆದುಕೊಂಡು ಹೋದೆ. ಈ ಸಲ ಗುದ್ದಲಿ, ಹಾರೆ, ಸುತ್ತಿಗೆ ಎಲ್ಲ ನಾವೇ ಹೊತ್ತು ತಂದಿದ್ದೆವು. ಮುನಿಗಂಗಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಜಗಳವಾಗುತ್ತದೆ ಎಂದು ಎಂಜಿನಿಯರ್ ಬಂದಿರಲಿಲ್ಲ, ಎಂದಿನಂತೆ ನನ್ನನ್ನು ಕಳಿಸಿದ್ದರು. ಅವಳು ಜಗಳವಾಡಲಿಲ್ಲ. ತನ್ನ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡಳು, ಖಾಲಿಯದ್ದನ್ನೇ. ಆದರೆ ಏಳಲಿಲ್ಲ.

ನಾನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತೆ. ಎದುರು ಬಾಗಿಲಿನಲ್ಲಿ ಕೌಸರ್, ಕತ್ತರಿ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಅಂದು ನನ್ನ ವರದಿಯಲ್ಲಿ ಹೊಡೆದುಹಾಕಿದ ಪುಟ ತಲೆಯಲ್ಲಿ ಕೊರೆಯುತ್ತಿತ್ತು.

“ಅಮ್ಮಾ, ಒಂದು ಕೇಳ್ತೀನಿ, ಬೈಬೇಡಿ. ಈ ಸಲಾನೂ ನೀರು ಬರಲ್ಲ ಅಂತ ಹಠ ಹಿಡಿದ್ರಾ, ಇಲ್ಲಾ ಬಂದ್ಬಿಡುತ್ತೆ ಅಂತ ಹೆದ್ರಿ ಹಿಡಿದ್ರಾ?”

ಅವಳು ನನ್ನ ಮುಖವನ್ನು, ಪೆಟ್ಟು ಬಿದ್ದ ಮಾವಿನಕಾಯಿಯನ್ನು ತಿರುಗಿಸಿ ನೋಡುವ ಹಾಗೆ ನೋಡಿದಳು.

“ಬಂದ್ಬಿಡುತ್ತೆ ಅಂತಾನೇ ಕಣ್ಲಾ. ಬಂದ್ಮೇಲೆ ನಾನು ಯಾರ ಕೊಡಾನ ಹಿಂದಕ್ಕೆ ಹಾಕ್ಲಿ? ಏಳು, ಒಡೆಸು.”